ಏಳನೆಯ ಬಳೆಯ ಉಸಿರು

ಗುರುವಾರ ಬೆಳಿಗ್ಗೆ ಬಸವಕಲ್ಯಾಣದಿಂದ ಹುಮನಾಬಾದಿಗೆ ಹೊರಡುವ ಬಸ್ಸಿನಲ್ಲಿ ತೊಡೆಯ ಮೇಲೆ ಹಳದಿ ಪೆಟ್ಟಿಗೆ ಇಟ್ಟುಕೊಂಡು ಒಬ್ಬ ಹೆಂಗಸು ಕೂತಿರುತ್ತಾಳೆ. ಯಾರಾದರೂ ಆ ಪೆಟ್ಟಿಗೆಯ ಮೇಲೆ ಮೊಣಕೈ ಊರಿದರೆ ಹೌಹಾರುತ್ತಾಳೆ. ಅವಳೇ ನಾನು. ಮೊದಮೊದಲು ಕಂಡಕ್ಟರಿಗೂ ಅನುಮಾನವಿತ್ತು.

"ಬಾಯಾರೆ, ಇದರಾಗ ಏನದರಿ? ಕೋಳಿಮರಿ ಇದ್ರ ಅದಕ್ಕೂ ಟಿಕೇಟ ತಗೋಬೇಕಾಗ್ತದ ನೋಡ್ರಿ" ಅಂದಿದ್ದ.

"ಕೋಳಿಮರಿ ಅಲ್ಲರಿ. ಮಿಷನ್ ಅದ. ಕಾಡು ಎಷ್ಟು ಉಸಿರಾಡ್ತದ ಅಂತ ನೋಡೋ ಮಿಷನ್" ಅಂದೆ.

ಆತ ನನ್ನ ಮುಖ ನೋಡಿ ಮುಂದಿನ ಸೀಟಿಗೆ ಹೋದ. ಹೆಂಗಸರನ್ನು ಬಾಯಿ ಎನ್ನುವ ನಮ್ಮ ಕಡೆಯ ಆ ಬಸ್ಸಿನಲ್ಲಿ ಅಂದಿನಿಂದ ನಾನು 'ಉಸಿರಿನ ಬಾಯಿ'.

ಅದಕ್ಕೂ ಮೊದಲು ಹತ್ತು ವರ್ಷ ನಾನು ಬಸವಕಲ್ಯಾಣದ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಗಿಡಗಳು ಹಗಲಲ್ಲಿ ಇಂಗಾಲದ ಡೈಆಕ್ಸೈಡ್ ತೆಗೆದುಕೊಂಡು ಆಮ್ಲಜನಕ ಬಿಡುತ್ತವೆ ಎಂದು ಹತ್ತು ವರ್ಷ ಬೋರ್ಡಿನ ಮೇಲೆ ಬಾಣ ಎಳೆದೆ. ಒಳಹೋಗುವ ಬಾಣ ಒಂದು, ಹೊರಬರುವ ಬಾಣ ಒಂದು. ಎಷ್ಟು ಒಳಹೋಗುತ್ತದೆ, ಎಷ್ಟು ಹೊರಬರುತ್ತದೆ ಎಂದು ಒಬ್ಬ ಹುಡುಗಿ ಒಮ್ಮೆ ಕೇಳಿದಾಗ 'ಪುಸ್ತಕದಲ್ಲಿ ಇರೋದಿಲ್ಲ, ಕೂತ್ಕೋ' ಅಂದಿದ್ದೆ. ಆಮೇಲೆ ಹುಮನಾಬಾದಿನ ಈಚೆಗಿನ ಕುರುಚಲು ಕಾಡಿನಲ್ಲಿ ಅದನ್ನೇ ಅಳೆಯುವ ಸಂಶೋಧನೆಗೆ ಸ್ಥಳೀಯರೊಬ್ಬರು ಬೇಕಾಗಿದ್ದಾರೆ ಎಂದು ತಿಳಿಯಿತು. ಅರ್ಜಿ ಹಾಕಿದೆ, ಕೆಲಸ ಸಿಕ್ಕಿತು. ಮನೆಯಲ್ಲಿ ಗಂಡ ಹೌದೆನ್ನಲೂ ಇಲ್ಲ, ಬೇಡವೆನ್ನಲೂ ಇಲ್ಲ. ಅತ್ತೆ ಮಾತ್ರ "ಹೋಗು, ಸಾಲ್ಯಾಗ ಕೂಗಿ ಕೂಗಿ ಗಂಟಲ ಹರಕೊಂಡಿ. ಕಾಡಿನಾಗ ಜರಾ ಸುಮ್ಮ ಕೂಡು" ಅಂದರು.

ಕಾಡು ಅಂದರೆ ದಟ್ಟಡವಿ ಅಲ್ಲ. ಕೆಂಪು ಮುರಮಿನ ನೆಲದ ಮೇಲೆ ಮುತ್ತಲ, ಬೇವು, ಜಾಲಿ, ನಡುವೆ ಸೀತಾಫಲದ ಪೊದೆಗಳು. ಮಳೆಗಾಲದಲ್ಲಿ ಎದೆಮಟ್ಟ ಹಸಿರು, ಬೇಸಿಗೆಯಲ್ಲಿ ಬರೀ ಕಡ್ಡಿ. ಉಷ್ಣವಲಯದ ಕಾಡು ಎಂದರೆ ಎಲ್ಲರ ಕಣ್ಣ ಮುಂದೆ ತೊಟ್ಟಿಕ್ಕುವ ಹಸಿರು ಬರುತ್ತದೆ. ಆದರೆ ಇಂಥ ಒಣ ಕಾಡೂ ಉಷ್ಣವಲಯದ್ದೇ, ಅದರ ಉಸಿರನ್ನು ಯಾರೂ ಸರಿಯಾಗಿ ಅಳೆದಿಲ್ಲ ಎಂದು ನಮ್ಮ ವಿಜ್ಞಾನಿ ಮೇಡಂ ಮೊದಲ ದಿನವೇ ಹೇಳಿದ್ದರು. ಮೈಸೂರು ಕಡೆಯವರು. ಎರಡು ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ದಿನ ಫೋನಿನಲ್ಲೇ ಮಾತು.

ಕಾಡಿನ ನಡುವೆ ತಂತಿಬೇಲಿ ಹಾಕಿ ಒಂದು ಕಬ್ಬಿಣದ ಟವರ್ ನಿಲ್ಲಿಸಿದ್ದರು. ಮರಗಳ ನೆತ್ತಿಗಿಂತ ಮೇಲೆ ಗಾಳಿ ಏಳುವುದನ್ನೂ ಇಳಿಯುವುದನ್ನೂ, ಅದರಲ್ಲಿರುವ ಅನಿಲವನ್ನೂ ಅದರ ಮೇಲಿನ ಯಂತ್ರ ತಾನಾಗಿಯೇ ಅಳೆಯುತ್ತಿತ್ತು. ಸುತ್ತಲಿನ ಊರಿನವರು ಅದನ್ನು ಮೊಬೈಲ್ ಟವರ್ ಎಂದೇ ತಿಳಿದಿದ್ದರು. "ಯಾಕ್ರಿ, ಟವರ್ ನಿಂತು ಇಷ್ಟು ದಿನ ಆಯ್ತು, ಒಂದು ಕಡ್ಡಿ ಸಿಗ್ನಲ್ ಸೈತ ಬರವಲ್ದು" ಎಂದು ನನ್ನನ್ನು ದಾರಿಯಲ್ಲಿ ನಿಲ್ಲಿಸಿ ಬೈದವರಿದ್ದಾರೆ.

ನನ್ನ ಕೆಲಸ ನೆಲದ ಮೇಲೆ. ಬೇಲಿಯ ಆಚೀಚೆ ಹನ್ನೆರಡು ಕಡೆ ಬಿಳಿ ಪ್ಲಾಸ್ಟಿಕ್ ಪೈಪನ್ನು ಬಳೆಯ ಹಾಗೆ ಕತ್ತರಿಸಿ ಮಣ್ಣಿನಲ್ಲಿ ಅರ್ಧ ಹೂತಿದ್ದೆವು. ನಾವು ಅವನ್ನು ಬಳೆ ಎಂದೇ ಕರೆಯುತ್ತಿದ್ದೆವು. ವಾರಕ್ಕೊಮ್ಮೆ ಹೋಗಿ ಪ್ರತಿ ಬಳೆಯ ಮೇಲೂ ಕುಕ್ಕರಿನಷ್ಟು ದೊಡ್ಡ ಡಬ್ಬಿ ಬೋರಲು ಹಾಕಬೇಕು. ಮಣ್ಣಿನೊಳಗಿನ ಬೇರು, ಹುಳ, ಕಣ್ಣಿಗೆ ಕಾಣದ ಜೀವಿಗಳು ಬಿಡುವ ಉಸಿರು ಆ ಡಬ್ಬಿಯಲ್ಲಿ ಕೂಡುತ್ತದೆ, ಅದರಿಂದ ಒಂದು ಕೊಳವೆ ಹಳದಿ ಪೆಟ್ಟಿಗೆಗೆ ಬರುತ್ತದೆ, ಪೆಟ್ಟಿಗೆಯ ಪರದೆಯ ಮೇಲೆ ಅಂಕಿ ಏರುತ್ತದೆ. ಎಷ್ಟು ಬೇಗ ಏರಿತು ಎಂದು ಬರೆದುಕೊಳ್ಳಬೇಕು. ನಮ್ಮ ಉಸಿರು ಡಬ್ಬಿಯ ಕಡೆ ಹೋಗದ ಹಾಗೆ ಗಾಳಿ ನೋಡಿಕೊಂಡು ಕೂರಬೇಕು. ಬಳೆಯೊಳಗೆ ಹುಲ್ಲು ಹುಟ್ಟಿದ್ದರೆ ಕೀಳಬೇಕು, ಏಕೆಂದರೆ ನಮಗೆ ಬೇಕಾದದ್ದು ಮಣ್ಣಿನ ಉಸಿರು, ಎಲೆಯದಲ್ಲ. ಹನ್ನೆರಡೂ ಮುಗಿಸುವಷ್ಟರಲ್ಲಿ ಹನ್ನೊಂದು ಗಂಟೆ. ನಡೆದು ರಸ್ತೆಗೆ ಬಂದು ಬಸ್ಸು ಹಿಡಿದರೆ ಮಧ್ಯಾಹ್ನದ ರೊಟ್ಟಿಗೆ ಮನೆ.

ಆ ವರ್ಷ ಫೆಬ್ರುವರಿ ಕಳೆದು ಮಾರ್ಚಿಗೆ ಬರುವಷ್ಟರಲ್ಲಿ ಅಂಕಿಗಳು ಇಳಿಯುತ್ತ ಬಂದವು. ನೆಲ ಒಣಗಿದಂತೆ ಅದರ ಉಸಿರೂ ತಗ್ಗುತ್ತದೆ, ಅದು ಸಹಜ. ಹನ್ನೊಂದು ಬಳೆಗಳು ನಿದ್ದೆಗೆ ಜಾರಿದ್ದವು. ಏಳನೆಯದು ಮಾತ್ರ ಎಚ್ಚರವಾಗಿತ್ತು. ಅದು ಬೇಲಿಯ ಹೊರಗೆ ಒಂದು ದೊಡ್ಡ ಬೇವಿನ ಮರದ ಬುಡದಲ್ಲಿತ್ತು. ಉಳಿದವುಗಳ ಎರಡು ಪಟ್ಟು, ಕೆಲವೊಮ್ಮೆ ಮೂರು ಪಟ್ಟು ಉಸಿರು. ಪೆಟ್ಟಿಗೆ ಕೆಟ್ಟಿದೆಯೇನೋ ಎಂದು ಮತ್ತೆ ಮತ್ತೆ ಅಳೆದೆ. ಅದೇ ಉತ್ತರ. ಬಳೆಯೊಳಗೆ ಒಂದೆರಡು ಹಸಿರು ಮೊಳಕೆ ಬೇರೆ! ಸುತ್ತ ಎಲ್ಲಿಯೂ ಒಂದು ಹಸಿರು ಕಡ್ಡಿ ಇಲ್ಲದಾಗ ಆ ಬಳೆಯೊಳಗೆ ಮಾತ್ರ. ನಿಯಮದಂತೆ ಕಿತ್ತೆ. ಮುಂದಿನ ವಾರ ಮತ್ತೆ ಹುಟ್ಟಿತ್ತು. ಮತ್ತೆ ಕಿತ್ತೆ.

ಮೇಡಂಗೆ ಫೋನ್ ಮಾಡಿದಾಗ ಅವರ ದನಿಯೇ ಬದಲಾಯಿತು.

"ನಿಜವಾಗ್ಲೂನಾ? ಮೂರು ವಾರದಿಂದ ಹೀಗೇ ಇದೆಯಾ? ಫೋಟೋ ಕಳಿಸಿ, ಈಗಲೇ ಕಳಿಸಿ" ಅಂದರು.

ಕೆಲವು ಮರಗಳು ಆಳದ ಬೇರಿನಿಂದ ನೀರು ಎಳೆದು ಮೇಲಿನ ಬೇರುಗಳ ಮೂಲಕ ಒಣ ಮಣ್ಣಿಗೆ ಸ್ವಲ್ಪ ಸ್ವಲ್ಪ ಬಿಡುತ್ತವಂತೆ. ನಮ್ಮ ಬೇವು ಅದನ್ನೇ ಮಾಡುತ್ತಿರಬಹುದು, ಹಾಗಿದ್ದರೆ ಇದು ದೊಡ್ಡ ವಿಷಯ ಎಂದು ವಿವರಿಸಿದರು. "ನೀವು ಇಷ್ಟು ಶ್ರದ್ಧೆಯಿಂದ ಅಳೆದಿದ್ದಕ್ಕೆ ಗೊತ್ತಾಯ್ತು ನೋಡಿ. ಲೇಖನ ಬರೆದರೆ ನಿಮ್ಮ ಹೆಸರೂ ಇರುತ್ತೆ" ಅಂದರು.

ನಾನು ಆ ದಿನ ನೆಲದ ಮೇಲೆ ನಡೆಯಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ, ಪರಿಚಯವೇ ಇಲ್ಲದ ಹೆಂಗಸಿಗೆ ಬೇವಿನ ಬೇರಿನ ಬಗ್ಗೆ ಬಸ್ಸು ರಾಜೇಶ್ವರ ಊರು ತಲುಪುವವರೆಗೂ ಹೇಳಿದೆ. ಮನೆಯಲ್ಲಿ ಹೇಳಿದೆ. ಬಿಟ್ಟುಬಂದ ಶಾಲೆಯ ಟೀಚರುಗಳಿಗೆ ಫೋನ್ ಮಾಡಿ ಹೇಳಿದೆ. ಅತ್ತೆ ಎಲ್ಲ ಕೇಳಿಸಿಕೊಂಡು, "ನಮ್ಮ ಹೊಲದಾಗೂ ಮೂರು ಬೇವಿನ ಗಿಡ ಅವ. ಒಂದೂ ಹೀಂಗ ಮಾಡಿದ್ದು ನಾ ಕಂಡಿಲ್ಲ" ಅಂದರು. ನನಗೆ ಸ್ವಲ್ಪ ಸಿಟ್ಟೇ ಬಂತು.

ಏಪ್ರಿಲ್‌ನಲ್ಲಿ ಒಂದು ಗುರುವಾರ ಹುಲಸೂರಿನಲ್ಲಿ ಸಂಬಂಧಿಕರ ಮದುವೆಯಿತ್ತು. ಹಾಗಾಗಿ ಬುಧವಾರವೇ, ಅದೂ ಮಧ್ಯಾಹ್ನ, ಕಾಡಿಗೆ ಹೋದೆ. ದೂರದಿಂದಲೇ ಬೇವಿನ ನೆರಳಲ್ಲಿ ಆಡುಗಳು ಕಂಡವು. ಮರದ ಬುಡಕ್ಕೆ ಒರಗಿ ಒಬ್ಬ ಮುದುಕಿ ಊಟ ಮುಗಿಸಿ ಉಳಿದ ರೊಟ್ಟಿಯನ್ನು ಅರಿವೆಯಲ್ಲಿ ಸುತ್ತಿಡುತ್ತಿದ್ದಳು. ಆಮೇಲೆ ಬಾಟಲಿಯ ಮುಚ್ಚಳ ತೆಗೆದು ಎರಡು ಗುಟುಕು ಕುಡಿದಳು. ಉಳಿದ ನೀರನ್ನು, ಅವಸರವೇ ಇಲ್ಲದೆ, ಒಂದು ಹನಿಯೂ ಹೊರಗೆ ಬೀಳದ ಹಾಗೆ, ನನ್ನ ಏಳನೆಯ ಬಳೆಯೊಳಗೆ ಸುರಿದಳು.

ನಾನು ಪೆಟ್ಟಿಗೆ ಹಿಡಿದುಕೊಂಡೇ ಓಡಿದೆ.

"ಆಯಿ! ಏನ್ ಮಾಡಾಕತ್ತೀರಿ?"

ಅವಳು ಬೆಚ್ಚಲಿಲ್ಲ. ತಲೆ ಎತ್ತಿ ನನ್ನನ್ನು ಗುರುತು ಹಿಡಿದು, ಕೈಯಲ್ಲಿದ್ದ ಬಾಟಲಿಯನ್ನು ನನ್ನ ಕಡೆಗೇ ತೋರಿಸಿದಳು.

"ಬಂದ್ಯಾ? ನಿನ್ನೇ ಹಿಡೀಬೇಕಂತ ಕುಂತಿದ್ದೆ. ಏನ್ ಹುಡುಗಿ ಬೇ ನೀನು? ನಾ ದಿನಾಲೂ ನೀರ ಹಾಕಿ ಹುಟ್ಟಸ್ತೀನಿ, ನೀ ಬಂದು ಕಿತ್ತು ಒಗೀತಿ!"

ಅವಳೇ ಮುಂದುವರಿಸಿದಳು. ಆಚೆಯ ದಿಬ್ಬದ ಮೇಲೆ ಆಡು ಬಿಟ್ಟುಕೊಂಡು ಚಳಿಗಾಲದಿಂದ ನನ್ನನ್ನು ನೋಡುತ್ತಿದ್ದಳಂತೆ. ವಾರ ವಾರ ಬಂದು, ಬಳೆಯ ಮುಂದೆ ಮಂಡಿಯೂರಿ, ಮೇಲೆ ಡಬ್ಬಿ ಮುಚ್ಚಿ, ಮುಖ ತಿರುಗಿಸಿ ಸುಮ್ಮನೆ ಕೂತು, ಏನೋ ಬರೆದುಕೊಂಡು ಹೋಗುವ ಹೆಂಗಸು. ಏನೋ ಬೀಜ ಊರಿದ್ದಾಳೆ, ಹುಟ್ಟಿತೇ ಎಂದು ನೋಡಲು ಬರುತ್ತಾಳೆ ಎಂದುಕೊಂಡಳು.

"ಪಾಪ, ಇಷ್ಟು ದೂರದಿಂದ ಬರ್ತಾಳ, ಒಂದು ಹನಿ ನೀರ ಹಾಕೂದ ಗೊತ್ತಿಲ್ಲ ಇಕಿಗೆ ಅಂತ ನನಗ ಮರುಕ ಬಂತು ತಂಗಿ. ಎಲ್ಲಾದಕ್ಕೂ ಹಾಕಾಕ ನನ್ನ ಹತ್ರ ನೀರ ಎಲ್ಲಿಂದ ಬರಬೇಕು? ನಾ ಕೂಡೋದು ಈ ಗಿಡದ ಬುಡಕ. ಇದಕ್ಕರ ಹಾಕೂಣು ಅಂತ ಹಾಕಿದೆ. ಹುಟ್ಟಿತು. ನೀ ಕಿತ್ತಿ. ಮತ್ತ ಹುಟ್ಟಿತು. ಮತ್ತ ಕಿತ್ತಿ! ಇಕಿಗೆ ತಲಿ ಬರೋಬರ್ ಅದ ಇಲ್ಲೋ ಅಂತ ನನಗ ಫಿಕರ್ ಹತ್ತಿತ್ತು."

ನಾನು ಪೆಟ್ಟಿಗೆ ಕೆಳಗಿಟ್ಟು ಅಲ್ಲೇ ಕೂತೆ. ನಗು ಬಂತು, ಅಳುವೂ ಬಂತು. ಅವಳ ಆಡೊಂದು ಬಂದು ನನ್ನ ನೋಟ್‌ಬುಕ್ಕಿನ ಮೂಲೆ ಜಗಿಯತೊಡಗಿತು. ಅವಳೇ ಅದನ್ನು ಅಟ್ಟಿ, ಕೊನೆಗೆ ಉಳಿದಿದ್ದ ಅರ್ಧ ರೊಟ್ಟಿಗೆ ಶೇಂಗಾ ಚಟ್ನಿ ಸವರಿ ನನ್ನ ಕೈಗೆ ಕೊಟ್ಟಳು. "ತಿನ್ನು. ಬಿಸಲಾಗ ಬಂದಿ, ಮಾರಿ ಇಷ್ಟಾಗೇದ" ಅಂದಳು. ತಿಂದೆ. ಆ ಹೊತ್ತಿನಲ್ಲಿ 'ರೀ' ಹೋಗಿ 'ನೀ' ಬಂತು. ಅಂದಿನಿಂದ ಅವಳು ನನಗೆ ಆಯಿ.

ನಾನು ಆ ದಿನ ಏಳನೆಯ ಬಳೆಯನ್ನು ಅಳೆದೆ. ಅಂಕಿ ಎಂದಿಗಿಂತ ಜೋರಾಗಿತ್ತು. ಬರೆದುಕೊಂಡೆ, ಮೇಡಂಗೆ ಕಳಿಸಿಯೂ ಬಿಟ್ಟೆ. ಕಾರಣ ಮಾತ್ರ ಬರೆಯಲಿಲ್ಲ. ಅವರಿಂದ ಒಂದು ಸಾಲಿನ ಉತ್ತರ ಬಂತು: ಮುಂದಿನ ಬುಧವಾರ ಇಬ್ಬರು ವಿದ್ಯಾರ್ಥಿಗಳೊಂದಿಗೆ ಬರುತ್ತಿದ್ದೇನೆ, ಆ ಬೇವಿನ ಬೇರುಗಳನ್ನು ನೋಡಲೇಬೇಕು.

ಮದುವೆಯ ಊಟ ನನಗೆ ರುಚಿಸಲಿಲ್ಲ. ಲೇಖನದಲ್ಲಿ ನನ್ನ ಹೆಸರು, ಶಾಲೆಯ ಟೀಚರುಗಳ ಮುಂದೆ ಆಡಿದ ಮಾತು, ಬಸ್ಸಿನ ಆ ಅಪರಿಚಿತ ಹೆಂಗಸು ಎಲ್ಲ ನೆನಪಾಗಿ ಕಿವಿ ಬಿಸಿಯಾಗುತ್ತಿತ್ತು. ಆಯಿಗೆ ಇನ್ನು ಮೇಲೆ ನೀರು ಹಾಕಬೇಡ ಎಂದರೆ ಸಾಕು, ಅಂಕಿ ತಾನೇ ಇಳಿಯುತ್ತದೆ, ಮರ ಸುಮ್ಮನಾಯಿತು ಎಂದು ಬಿಡಬಹುದು ಎಂಬ ಯೋಚನೆಯೂ ಬಂತು. ಸುಳ್ಳು ಹೇಳಲಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುವಷ್ಟು ಜಾಣ ಯೋಚನೆ ಅದು. ಮೂರು ದಿನ ಅದನ್ನೇ ಹೊತ್ತುಕೊಂಡು ತಿರುಗಿದೆ. ನಾಲ್ಕನೆಯ ದಿನ ಬೆಳಿಗ್ಗೆ ಅತ್ತೆ ತೊಗರಿಬೇಳೆ ಕೇರುತ್ತಿದ್ದಾಗ ಹೋಗಿ ಮುಂದೆ ಕೂತು ಎಲ್ಲ ಹೇಳಿದೆ.

ಅತ್ತೆ ಮೊರ ಕೆಳಗಿಟ್ಟು ನಕ್ಕರು. ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ನಕ್ಕರು. ಕಿತ್ತು ಒಗೀತಿ ಎಂದು ಆಯಿ ಬೈದ ಮಾತನ್ನು ನನ್ನಿಂದ ಎರಡು ಸಲ ಹೇಳಿಸಿದರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು.

"ನಿನಗ ನಾಚಿಕಿ ಆಗಾಕತ್ತದ, ಅಷ್ಟೇ ಹೌದಲ್ಲ?"

"ಹೌದ್ರಿ ಅತ್ತಿ."

"ಒಂದು ದಿನದ ನಾಚಿಕಿ. ಹೇಳಿಬಿಡು. ಹೇಳಲಿಲ್ಲಂದ್ರ ನಿಮ್ಮ ಮೇಡಂ ಇಲ್ಲದ್ದು ಬರೆದು ನಾಳೆ ನಾಲ್ಕು ಮಂದಿ ಮುಂದ ತಲಿ ತಗ್ಗಸ್ತಾಳ. ಅದು ನಿನ್ನ ನಾಚಿಕಿಕಿಂತ ದೊಡ್ಡದು." ಹಾಗಂದು ಮತ್ತೆ ಮೊರ ಎತ್ತಿಕೊಂಡರು.

ಬುಧವಾರ ಮೇಡಂ ಹುಮನಾಬಾದಿನಿಂದ ಜೀಪು ಮಾಡಿಕೊಂಡು ಬಂದರು. ಹಾರೆ, ಸಲಿಕೆ, ಮಣ್ಣಿನ ತೇವ ನೋಡುವ ಕಡ್ಡಿಗಳು, ಎಲ್ಲ ಸಿದ್ಧತೆ. ಜೀಪು ಇಳಿದವರೇ ಬೇವಿನ ಕಡೆ ಹೆಜ್ಜೆ ಹಾಕಿದರು. ನಾನು ಹಿಂದೆಯೇ ಹೋದೆ. ಮರದ ಕೆಳಗೆ ಆಯಿ ಕೂತಿದ್ದಳು, ಹಿಂದಿನ ದಿನವೇ ಬಂದು ನಾನೇ ಹೇಳಿಹೋಗಿದ್ದೆ.

"ಮೇಡಂ, ಬೇರು ಅಗಿಯೋದು ಬ್ಯಾಡ್ರಿ" ಅಂದೆ. "ನೀರು ಹಾಕಿದ್ದು ಮರ ಅಲ್ಲ. ಇವರು."

ಮೇಡಂ ನನ್ನನ್ನು ನೋಡಿದರು, ಆಯಿಯನ್ನು ನೋಡಿದರು, ಆಯಿಯ ಕೈಯಲ್ಲಿದ್ದ ಬಾಟಲಿಯನ್ನು ನೋಡಿದರು. ನಾನು ತಡೆಯದೆ ಎಲ್ಲ ಹೇಳಿದೆ, ಕಳೆದ ವಾರ ಗೊತ್ತಿದ್ದೂ ಬರೆಯದೆ ಕಳಿಸಿದ್ದನ್ನೂ ಹೇಳಿದೆ. ವಿದ್ಯಾರ್ಥಿಗಳಲ್ಲಿ ಒಬ್ಬಳು ಸಲಿಕೆಯನ್ನು ಮೆಲ್ಲಗೆ ಮರಕ್ಕೆ ಒರಗಿಸಿದಳು. ಮೇಡಂ ಟೋಪಿ ತೆಗೆದು ಸ್ವಲ್ಪ ಹೊತ್ತು ಗಾಳಿ ಹಾಕಿಕೊಂಡರು. ಅವರ ಮುಖದಲ್ಲಿ ನಿರಾಸೆ ಕಾಣದೇ ಇರಲಿಲ್ಲ.

"ಕಳೆದ ವಾರವೇ ಹೇಳಬೇಕಿತ್ತು" ಅಂದರು.

"ಹೌದ್ರಿ ಮೇಡಂ."

"ಇನ್ನು ಮೇಲೆ ಹೇಳ್ತೀರಿ ತಾನೆ?"

"ಹೇಳ್ತೀನ್ರಿ."

ಅಷ್ಟೇ. ಅವರು ಆಯಿಯ ಎದುರು ಮುರಮಿನ ಮೇಲೇ ಕೂತರು. "ಅಜ್ಜಿ, ದಿನಾ ಎಷ್ಟು ನೀರು ಹಾಕ್ತಿದ್ರಿ?"

"ಅರ್ಧ ಬಾಟ್ಲಿ. ಉಂಡ ಮ್ಯಾಲ. ಸೋಮವಾರ ನನಗ ಒಪ್ಪತ್ತು, ಮಧ್ಯಾಹ್ನ ಉಣ್ಣೂದಿಲ್ಲ, ನೀರಡಿಕಿನೂ ಕಮ್ಮಿ. ಅವತ್ತು ಪೂರಾ ಬಾಟ್ಲಿ."

"ಯಾವಾಗಿನಿಂದ?"

"ಶಿವರಾತ್ರಿ ಆದ ಮರುದಿನದಿಂದ. ನಡುವ ಎರಡು ದಿನ ಜ್ವರ ಬಂದಿತ್ತು, ಹಾಕಿಲ್ಲ."

ಮೇಡಂ ನನ್ನ ನೋಟ್‌ಬುಕ್ ಇಸಕೊಂಡು ತಿರುವಿಹಾಕಿದರು. ಅಂಕಿ ಏರಲು ಶುರುವಾದದ್ದು ಶಿವರಾತ್ರಿ ಆದ ಮೊದಲ ಗುರುವಾರ. ಒಂದು ವಾರ ಸ್ವಲ್ಪ ಇಳಿದಿತ್ತು, ಅದು ಜ್ವರದ ವಾರ. ಅವರ ಹುಬ್ಬು ಮೇಲೇರಿತು. ಆಮೇಲೆ ನಕ್ಕರು, ಮನಸಾರೆ ನಕ್ಕರು. "ನನ್ನ ವಿದ್ಯಾರ್ಥಿಗಳು ಇಷ್ಟು ಕರಾರುವಾಕ್ಕಾಗಿ ನೆನಪಿಟ್ಟುಕೊಳ್ಳಲ್ಲ ಅಜ್ಜಿ" ಅಂದರು. ವಿದ್ಯಾರ್ಥಿಗಳು ನೆಲ ನೋಡಿದರು.

ಬಂದದ್ದೇ ಬಂದೆವು ಎಂದು ಎಂಟನೆಯ ಬಳೆಯ ಹತ್ತಿರ ಹೋದೆವು. ಅದಕ್ಕೆ ಯಾರೂ ನೀರು ಹಾಕಿರಲಿಲ್ಲ. ಮೊದಲು ಡಬ್ಬಿ ಇಟ್ಟು ಅಳೆದೆ, ಅಂಕಿ ಅಲುಗಲೋ ಬೇಡವೋ ಎನ್ನುವ ಹಾಗೆ ತೆವಳಿತು. ಡಬ್ಬಿ ತೆಗೆದು ಆಯಿಗೆ ದಾರಿ ಬಿಟ್ಟೆವು. ಅವಳು ಅರ್ಧ ಬಾಟಲಿ ನೀರು ಸುರಿದಳು. ಒಣ ಮಣ್ಣು ಚುಂಯ್ ಎಂದು ಹೀರಿತು. ಸ್ವಲ್ಪ ತಡೆದು ಮತ್ತೆ ಡಬ್ಬಿ ಇಟ್ಟೆ. ಈ ಸಲ ಅಂಕಿ ಓಡತೊಡಗಿತು, ನಾವು ಐದೂ ಜನ ಪರದೆಯ ಮೇಲೆ ಬಗ್ಗಿ ನೋಡುತ್ತಿದ್ದೆವು.

"ಇದೇನ್ ಓಡಾಕತ್ತದ?" ಆಯಿ ಕೇಳಿದಳು.

"ಭೂಮಿ ಉಸಿರು ಬಿಡಾಕತ್ತದ ಆಯಿ. ಒಣಗಿ ಮಲಗಿದ್ದ ಸಣ್ಣ ಸಣ್ಣ ಜೀವ, ಕಣ್ಣಿಗೆ ಕಾಣೂದಿಲ್ಲ, ನೀರ ಬಿದ್ದ ಕೂಡ್ಲೇ ಎದ್ದು ಉಸಿರಾಡ್ತಾವ."

"ನನ್ನ ನೀರಿಗೆ?"

"ನಿನ್ನ ನೀರಿಗೇ."

ಅವಳು ಆ ಪರದೆಯನ್ನೇ ನೋಡುತ್ತ ಕೂತಳು. ಮೇಡಂ ಕೊಳವೆ ಕಳಚಿ ಅವಳ ಬಾಯಿಯ ಹತ್ತಿರ ಹಿಡಿದು ಮೆಲ್ಲಗೆ ಊದಲು ಹೇಳಿದರು. ಅವಳು ಒಲೆ ಊದುವವಳ ಹಾಗೆ ಗಲ್ಲ ಉಬ್ಬಿಸಿ ಊದಿಬಿಟ್ಟಳು. ಅಂಕಿ ಜಿಗಿದು ಪರದೆಯ ಅಂಚಿಗೇ ಹೋಯಿತು, ಯಂತ್ರ ಕುಂಯ್ ಎಂದು ಕೂಗಿಕೊಂಡಿತು. ಆಯಿ ಬೆಚ್ಚಿ ಹಿಂದೆ ಸರಿದು, ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ಈ ಮುದುಕಿ ಇನ್ನೂ ಗಟ್ಟಿ ಅದಾಳ ಅಂತ ಬರಕೋ" ಅಂದಳು.

ಏಳನೆಯ ಬಳೆಯ ಆ ತಿಂಗಳುಗಳ ಅಂಕಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವುಗಳ ಮುಂದೆ ನಾನೇ ಕಾರಣ ಬರೆದೆ. ಬೇವಿನ ಬೇರಿನ ಲೇಖನ ಹುಟ್ಟುವ ಮೊದಲೇ ಮುಗಿಯಿತು. ಆದರೆ ಮೇಡಂ ಹೊರಡುವ ಮೊದಲು ಹೊಸದಾಗಿ ಮೂರು ಬಳೆ ಹೂಳಿಸಿದರು. ಬೇಸಿಗೆಯಲ್ಲಿ ಅಳತೆ ಮಾಡಿ ನೀರು ಹಾಕಿದರೆ ಒಣ ಕಾಡಿನ ಮಣ್ಣು ಎಷ್ಟು ಹೊತ್ತು, ಎಷ್ಟು ಉಸಿರು ಬಿಡುತ್ತದೆ ಎಂದು ನೋಡುವ ಯೋಜನೆ. ನೀರು ಹಾಕುವ ಕೆಲಸಕ್ಕೆ ಆಯಿಯನ್ನೇ ಗೊತ್ತು ಮಾಡಿದರು. ಅಳತೆಯ ಗೆರೆಗಳಿದ್ದ ಒಂದು ಪಾರದರ್ಶಕ ಮಗ್ಗು ಅವಳಿಗೆ ಬಂತು. ಅದರಲ್ಲಿ ಗೆರೆ ದಾಟಿ ಒಂದು ಹನಿ ಹೆಚ್ಚಾದರೂ ವಾಪಸು ಬಾಟಲಿಗೆ ಸುರಿದು ಮತ್ತೆ ಅಳೆಯುತ್ತಿದ್ದಳು. ನಾನು ಒಂದು ಸಲ ಅವಸರ ಮಾಡಿದ್ದಕ್ಕೆ, "ಸುಮ್ನಿರು ತಂಗಿ, ಇದು ಚಾ ಅಲ್ಲ, ಸೈನ್ಸ್ ಅದ" ಎಂದು ಗದರಿದಳು.

ಜೂನಿನ ಮೊದಲ ದೊಡ್ಡ ಮಳೆ ಒಂದು ಸಂಜೆ ಬಿತ್ತು. ಮರುದಿನ ವಾರ ನೋಡದೆ ಬಸ್ಸು ಹತ್ತಿದೆ. ಕಾಡಿನ ದಾರಿಯಲ್ಲಿ ಚಪ್ಪಲಿಗೆ ಕೆಂಪು ಕೆಸರು ಮೆತ್ತಿ ಹೆಜ್ಜೆ ಹೆಜ್ಜೆಗೂ ಭಾರ. ಆಯಿ ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ನನಗಿಂತ ಮೊದಲೇ ಬಂದು ನಿಂತಿದ್ದಳು. ಒಂದೊಂದೇ ಬಳೆ ಅಳೆದೆವು. ಎಲ್ಲ ಬಳೆಗಳಲ್ಲೂ ಅಂಕಿ ಓಡುತ್ತಿತ್ತು. ಬೇಸಿಗೆಯಿಡೀ ತೆವಳಿದ್ದ ಅಂಕಿಗಳು! ಟವರಿನ ಮೇಲಿನ ಯಂತ್ರವೂ ಅದನ್ನೇ ಹೇಳುತ್ತಿತ್ತು ಎಂದು ಮೇಡಂ ಆಮೇಲೆ ತಿಳಿಸಿದರು: ಎಲೆಗಳು ಚಿಗುರಿ ಒಳಗೆ ಎಳೆದುಕೊಳ್ಳಲು ಶುರುಮಾಡುವ ಮೊದಲು, ಆ ಕೆಲವು ದಿನ ಇಡೀ ಕಾಡು ಒಂದೇ ಸಮನೆ ಹೊರಗೆ ಉಸಿರು ಬಿಟ್ಟಿತ್ತು. ಹತ್ತು ವರ್ಷ ನಾನು ಬೋರ್ಡಿನ ಮೇಲೆ ಎಳೆದ ಬಾಣಗಳಲ್ಲಿ ಇದು ಎಲ್ಲಿಯೂ ಇರಲಿಲ್ಲ. ಕೆಸರಿನಲ್ಲಿ ಮಂಡಿಯೂರಿ ಕೂತು ನನಗಾದ ಸಂತೋಷವನ್ನು ಯಾರಿಗಾದರೂ ಹೇಳಬೇಕೆನಿಸಿ ತಿರುಗಿದರೆ, ಆಯಿ ಆಗಲೇ ಮುಂದಿನ ಬಳೆಯ ಹತ್ತಿರ ನಿಂತು, "ಬಾ ಲಗು, ಇನ್ನೂ ನಾಲ್ಕು ಉಳದಾವ" ಎನ್ನುತ್ತಿದ್ದಳು.

ದೀಪಾವಳಿಗೆ ಸ್ವಲ್ಪ ಮುಂಚೆ ಅವಳು ಹೇಳದೆ ಕೇಳದೆ ಬಸವಕಲ್ಯಾಣದ ನಮ್ಮ ಮನೆಗೆ ಬಂದಳು. ಕಂಡಕ್ಟರನಿಗೆ 'ಉಸಿರಿನ ಬಾಯಿ ಮನಿ' ಎಂದು ಹೇಳಿದ್ದಕ್ಕೆ ಅವನು ಬಸ್‌ಸ್ಟ್ಯಾಂಡಿನಲ್ಲಿ ವಿಚಾರಿಸಿ ಒಂದು ಆಟೋ ಹತ್ತಿಸಿ ಕಳಿಸಿದ್ದ. ಕೈಚೀಲದ ತುಂಬ ಸೀತಾಫಲ. ಅತ್ತೆ ಅವಳನ್ನು ಕೂಡಿಸಿ, ಚಾ ಕೊಟ್ಟು, ಮೊದಲ ಮಾತಿಗೇ "ನೀವೇನ್ರಿ ಆ ನೀರ ಹಾಕಿದವರು?" ಎಂದು ಕೇಳಿದರು. ಅಲ್ಲಿಂದ ಇಬ್ಬರಿಗೂ ನಾನು ಅಲ್ಲಿದ್ದೇನೆ ಎಂಬುದೇ ಮರೆಯಿತು.

"ಛಲೋ ಹುಡುಗಿ ಅದಾಳ್ರಿ. ಖರೆ ಜರಾ ಗಡಿಬಿಡಿ" ಅಂದಳು ಆಯಿ.

"ಮನ್ಯಾಗೂ ಹಂಗೇ ನೋಡ್ರಿ" ಅಂದರು ಅತ್ತೆ.

ನಾನು ಸೀತಾಫಲದ ಬೀಜ ಉಗುಳುತ್ತ ಬಾಗಿಲಲ್ಲಿ ಕೂತಿದ್ದೆ. ಆಯಿಯ ಊರಿನ ಕಡೆ ಹೋಗುವ ಬಸ್ಸಿಗೆ ಇನ್ನೂ ಎರಡು ತಾಸು ಇತ್ತು. ಅತ್ತೆ ಅನ್ನಕ್ಕೆ ಇನ್ನೊಂದು ಹಿಡಿ ಅಕ್ಕಿ ಹಾಕು ಎಂದು ಒಳಗಿಂದ ಕೂಗಿದರು.